ನೊಂದ ಕಾಲಿನ ವಿಹಾರ

ಮದುವೆಗೆ ಮುಹೂರ್ತವುಂಟು, ಬಿತ್ತನೆಗೆ ಮಳೆನಕ್ಷತ್ರವುಂಟು, ಪ್ರಯಾಣಕ್ಕೂ ಹಿರಿಯರು ವಾರಶೂಲೆಯನ್ನು ನೋಡಿ ದಿನ ಗೊತ್ತುಮಾಡುತ್ತಿದ್ದರು. ಕಾಲು ಉಳುಕುವುದಕ್ಕೆ ಮಾತ್ರ ಪಂಚಾಂಗದಲ್ಲಿ ಸ್ಥಳವಿಲ್ಲ. ಬಚ್ಚಲ ಕಲ್ಲಿನ ಪಾಚಿ, ಹಿತ್ತಲ ಮೆಟ್ಟಿಲಿನ ಸವೆದ ಅಂಚು, ಮಳೆಗಾಲದ ಅಂಗಳ ಇವು ತಿಥಿವಾರಗಳನ್ನು ಎಣಿಸುವುದಿಲ್ಲ. ಆದರೂ ಸಂಸಾರಿಗಳನ್ನು ಕೇಳಿದರೆ, ಕಾಲು ಮುರಿಯುವುದು ಎಂದಿಗೂ ಬಿಡುವಿನ ದಿನಗಳಲ್ಲಲ್ಲ, ಎಲ್ಲರೂ ಕೂಡಿ ಎಲ್ಲಿಗೋ ಹೊರಡಬೇಕೆಂದು ನಿಶ್ಚಯಿಸಿ ಮುಂಗಡ ಹಣವನ್ನೂ ಕಟ್ಟಿದ ಮೇಲೆಯೇ ಎಂದು ದೃಢವಾಗಿ ನುಡಿಯುತ್ತಾರೆ. ಮಾತಿನಲ್ಲಿ ಅತಿಶಯವಿರಬಹುದು, ಇಕ್ಕಟ್ಟಿನಲ್ಲಿ ಅತಿಶಯವಿಲ್ಲ. ವಾರಗಟ್ಟಲೆ ಪ್ಲಾಸ್ಟರಿನಲ್ಲಿರಬೇಕಾದ ಕಾಲು ಒಂದು ಕಡೆ, ಮಕ್ಕಳಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿದ ಮನೆಗೆ ಏನು ಮಾಡಬೇಕೆಂದು ಯಾವ ಜೋಯಿಸರೂ ಹೇಳಲಾರರು.

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿ ಹಂಗಳವೆಂಬ ಊರಿದೆ. ಹೋಬಳಿಯ ಕೇಂದ್ರ. ಇಲ್ಲಿಂದ ಒಂದು ದಾರಿ ಒಡೆದು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುತ್ತದೆ. ನೆಟ್ಟಗೆ ಸಾಗಿದರೆ ಬಂಡೀಪುರದ ಕಾಡು. ಮೈಸೂರಿನ ಮಹಾರಾಜರು ಆ ಕಾಡಿನ ಒಂದು ಭಾಗವನ್ನು ವನ್ಯಜೀವಿಗಳಿಗಾಗಿ ಕಾದಿರಿಸಿದಾಗ, ಬೆಟ್ಟದ ಮೇಲಿನ ದೇವರ ಹೆಸರನ್ನೇ ಅದಕ್ಕಿತ್ತು ವೇಣುಗೋಪಾಲ ವನವೆಂದು ಕರೆದರು. ೧೯೭೩ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಮುಂಗಾರು ಹಿಡಿದರೆ ಹಂಗಳದ ಸುತ್ತಲಿನ ಹೊಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿಗಳು ಅರಳುತ್ತವೆ. ದಾರಿಹೋಕರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹೀಗೆ ಪರರ ವಿಹಾರವನ್ನು ನಿತ್ಯವೂ ಜಗಲಿಯ ಮೇಲೆ ಕುಳಿತು ನೋಡುವ ಯೋಗ ಈ ಊರಿನದು. ಇಲ್ಲಿನ ಮಕ್ಕಳಿಗೆ ಬೆಟ್ಟ ಹೊಸದಲ್ಲ, ಆನೆಯ ಸುದ್ದಿಯೂ ಹೊಸದಲ್ಲ. ಅವರ ಕನಸು ಎದುರು ದಿಕ್ಕಿನದು. ಮೈಸೂರಿನ ಕಡೆಯದು, ಅದರಾಚೆಗೆ ಬಿಡದಿಯ ಕಡೆಯದು. ಆಕಾಶಕ್ಕೇರುವ ತೊಟ್ಟಿಲು, ಕೃತಕ ಅಲೆ, ತಲೆಕೆಳಗಾಗಿ ಓಡುವ ಬಂಡಿ ಇವುಗಳಿರುವ ವಿನೋದೋದ್ಯಾನವೇ ಅವರ ವೈಕುಂಠ.

ಇಂಥ ಊರಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬಳು ಅಜ್ಜಿ. ದಸರೆಯ ರಜೆಗೆ ಉದ್ಯಾನಕ್ಕೆ ಹೋಗುವುದೆಂದು ಬೇಸಗೆಯಿಂದಲೂ ಮಾತಾಗಿದೆ. ಹೊರಡಲು ಮೂರು ವಾರವಿರುವಾಗ ಮನೆಯೊಡತಿ ಹಿತ್ತಲಲ್ಲಿ ಜಾರುತ್ತಾಳೆ. ಪಾದದ ಕೀಲಿನ ಎಲುಬು ಸೀಳುತ್ತದೆ. ಮೊಣಕಾಲಿನವರೆಗೆ ಪ್ಲಾಸ್ಟರು ಬೀಳುತ್ತದೆ.

ಯಾರ ಕಾಲು ಮುರಿದರೆ ಏನಾಗುತ್ತದೆಂಬುದನ್ನು ನೋಡಿದರೆ ಒಂದು ಮನೆಯ ರಾಜ್ಯಾಂಗ ತಿಳಿಯುತ್ತದೆ. ಯಜಮಾನನ ಕಾಲು ಮುರಿದರೆ ಪ್ರವಾಸ ಮುಂದಕ್ಕೆ ಹೋಗುತ್ತದೆ. ಮಗುವಿನ ಕಾಲು ಮುರಿದರೆ ಪ್ರವಾಸ ನಿಲ್ಲುತ್ತದೆ. ಮನೆಯೊಡತಿಯ ಕಾಲು ಮುರಿದರೆ ಪ್ರವಾಸ ನಡೆಯುತ್ತದೆ, ಅವಳು ಉಳಿಯುತ್ತಾಳೆ. ಉಳಿಯೆಂದು ಯಾರೂ ಅವಳಿಗೆ ಹೇಳುವುದಿಲ್ಲ. ಅವಳೇ ಹೇಳುತ್ತಾಳೆ: “ನೀವೆಲ್ಲ ಹೋಗಿಬನ್ನಿ, ನನ್ನಿಂದ ನಿಮಗೇಕೆ ತೊಂದರೆ?” ಈ ಮಾತಿಗೆ ಎದುರಾಡಬೇಕಾದ ಮನೆಯವರು ಒಂದು ಕ್ಷಣ ಸುಮ್ಮನಿದ್ದರೂ ಸಾಕು, ತೀರ್ಪು ಆಗಿಹೋಗುತ್ತದೆ. ತ್ಯಾಗವೆಂದು ಹೊಗಳುವುದಕ್ಕೆ ಇದು ಬಹು ಚೆನ್ನಾಗಿದೆ. ಆದರೆ ಆ ತ್ಯಾಗ ಅವಶ್ಯವಾಗಿತ್ತೇ ಎಂದು ಕೇಳುವವರು ವಿರಳ.

ಅವಶ್ಯವಲ್ಲವೆಂದು ತಿಳಿಯಬೇಕಾದರೆ ವಿನೋದೋದ್ಯಾನವೆಂಬ ವಸ್ತುವನ್ನು ಸ್ವಲ್ಪ ಅರಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿಯವರು ೧೯೫೫ರ ಜುಲೈ ತಿಂಗಳಲ್ಲಿ ಡಿಸ್ನಿಲ್ಯಾಂಡನ್ನು ತೆರೆದ ಬಳಿಕ, ಕಥೆಯೊಂದರ ಒಳಗೆ ನಡೆದಾಡಿದಂತೆ ಭಾಸವಾಗುವ ಇಂಥ ತೋಟಗಳು ಲೋಕದಲ್ಲೆಲ್ಲ ಹಬ್ಬಿದವು. ಭಾರತದಲ್ಲಿ ದೆಹಲಿಯ ಅಪ್ಪು ಘರ್ ೧೯೮೪ರಲ್ಲಿ ತೆರೆಯಿತು; ಒಂದು ತಲೆಮಾರಿನ ಮಕ್ಕಳನ್ನು ನಗಿಸಿ ೨೦೦೮ರಲ್ಲಿ ಮುಚ್ಚಿತು. ಕನ್ನಡನಾಡಿನಲ್ಲಿ ಮೈಸೂರಿನ ಕೃಷ್ಣರಾಜಸಾಗರ ರಸ್ತೆಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್, ೨೦೦೫ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾ ಮೊದಲಾದವು ಜನಪ್ರಿಯವಾಗಿವೆ. ಬಿಡದಿಯ ಉದ್ಯಾನದ ವಿಸ್ತಾರ ೮೨ ಎಕರೆ. ಈ ಅಂಕಿಯಲ್ಲಿಯೇ ಒಂದು ಗುಟ್ಟು ಅಡಗಿದೆ. ಜನ ಉದ್ಯಾನಕ್ಕೆ ಹೋಗುವುದು ಆಟಗಳಲ್ಲಿ ಕೂರುವುದಕ್ಕೆಂದು ಭಾವಿಸುತ್ತಾರೆ. ನಿಜವಾಗಿ ಅಲ್ಲಿ ಕೂರುವ ಹೊತ್ತು ನಿಮಿಷಗಳಲ್ಲಿ, ನಡೆಯುವ ಹೊತ್ತು ಮತ್ತು ಸರದಿಯಲ್ಲಿ ನಿಲ್ಲುವ ಹೊತ್ತು ಗಂಟೆಗಳಲ್ಲಿ. ನೊಂದ ಕಾಲಿಗೆ ಶತ್ರುವಾದದ್ದು ಗಿರಗಿರನೆ ತಿರುಗುವ ಯಂತ್ರಕ್ಕಿಂತ ಹೆಚ್ಚಾಗಿ ಆ ಯಂತ್ರದವರೆಗಿನ ಹಾದಿ.

ಹಾದಿಯ ತೊಂದರೆಗೆ ಮದ್ದು ಗಾಲಿಕುರ್ಚಿ. ಅಲ್ಲಿಯೇ ದೊಡ್ಡ ಅಡಚಣೆ. ಅದು ಕಾಲಿನದಲ್ಲ, ಮನಸ್ಸಿನದು. ಊರುಗೋಲನ್ನು ಹಿಡಿಯುವುದಕ್ಕೆ ಒಪ್ಪುವವರು ಸಹ ಗಾಲಿಕುರ್ಚಿಯೆಂದೊಡನೆ ಮುಖ ತಿರುಗಿಸುತ್ತಾರೆ. “ಅಷ್ಟೊಂದು ಆಗಿಲ್ಲ” ಎಂಬುದು ಮೊದಲನೆಯ ಮಾತು; “ನೋಡಿದವರು ಏನೆಂದಾರು?” ಎಂಬುದು ಆಡದೆ ಉಳಿದ ಎರಡನೆಯ ಮಾತು. ಕುರ್ಚಿಯಲ್ಲಿ ಕುಳಿತರೆ ತಾನು ರೋಗಿಯೆಂದು ಒಪ್ಪಿಕೊಂಡಂತಾಯಿತೆಂಬ ಅಳುಕು. ಆದರೆ ಹೊಳೆಯನ್ನು ದಾಟಲು ಹರಿಗೋಲನ್ನು ಹತ್ತಿದವನನ್ನು ಈಜು ಬಾರದವನೆಂದು ಯಾರೂ ಹೀಯಾಳಿಸುವುದಿಲ್ಲ. ಊರುಗೋಲಿನ ಮೇಲೆ ದಿನವಿಡೀ ನಡೆದವಳು ಮಧ್ಯಾಹ್ನದ ಹೊತ್ತಿಗೆ ಬಳಲಿ, ಅಂಗೈ ಬೊಕ್ಕೆಯೆದ್ದು, ಎಲ್ಲರನ್ನೂ ಬೇಗ ಹೊರಡಿಸುತ್ತಾಳೆ. ಕುರ್ಚಿಯಲ್ಲಿ ಕುಳಿತವಳು ಸಂಜೆಯ ದೀಪ ಹೊತ್ತುವವರೆಗೂ ಮಕ್ಕಳ ಜೊತೆಗಿರುತ್ತಾಳೆ. ಹೀಗಿರುವಲ್ಲಿ ಯಾವುದು ಸೋಲು, ಯಾವುದು ಗೆಲುವು?

ಹೊರಡುವ ಮುನ್ನ ಮಾಡತಕ್ಕ ಕೆಲಸಗಳು ಕೆಲವುಂಟು. ಮೊದಲನೆಯದು ವೈದ್ಯರ ಅಪ್ಪಣೆ. ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಬಾವು ಏರುತ್ತಿರುವಾಗ ಪ್ರಯಾಣವೇ ಸಲ್ಲದು. ಅಪ್ಪಣೆ ದೊರೆತ ಮೇಲೆಯೂ ಬಹುದೂರದ ದಾರಿಯಲ್ಲಿ ಕಾಲನ್ನು ಇಳಿಬಿಟ್ಟು ಕೂರಬಾರದು. ದಿಂಬನ್ನೋ ಚೀಲವನ್ನೋ ಇಟ್ಟು ಎತ್ತರಿಸಬೇಕು, ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕು. ಎರಡನೆಯದಾಗಿ, ಉದ್ಯಾನಕ್ಕೆ ದೂರವಾಣಿ ಮಾಡಿ ಗಾಲಿಕುರ್ಚಿ ದೊರೆಯುವುದೇ, ಅದಕ್ಕೆ ಬಾಡಿಗೆಯೆಷ್ಟು, ಒಳಗೆ ಮೆಟ್ಟಿಲುಗಳೆಲ್ಲಿವೆ, ಕುರ್ಚಿ ಹೋಗುವಂಥ ಶೌಚಾಲಯವಿದೆಯೇ ಎಂದು ಕೇಳಿಕೊಳ್ಳಬೇಕು. ಕಡೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಡುವವರೇ ಹೆಚ್ಚು. ಬಿಟ್ಟವರು ಇಡೀ ದಿನ ನೀರು ಕುಡಿಯದೆ ಕಳೆಯುತ್ತಾರೆ. ಮೂರನೆಯದಾಗಿ, ರಜೆಯ ನಡುವೆಯಾದರೂ ಭಾನುವಾರವನ್ನು ತಪ್ಪಿಸಿ ವಾರದ ದಿನವೊಂದನ್ನು ಆರಿಸಿಕೊಂಡರೆ ನೂಕುನುಗ್ಗಲು ಕಡಿಮೆ.

ಊರುಗೋಲು ಬಳಸುವವರು ಎರಡು ಸೂತ್ರಗಳನ್ನು ಕಂಠಪಾಠ ಮಾಡಬೇಕು. ಭಾರವೆಲ್ಲ ಅಂಗೈಯ ಮೇಲಿರಬೇಕೇ ಹೊರತು ಕಂಕುಳಿನ ಮೇಲಲ್ಲ. ಕಂಕುಳಿಗೂ ಕೋಲಿನ ತಲೆಗೂ ನಡುವೆ ಎರಡು ಮೂರು ಬೆರಳಿನ ಎಡೆಯಿರಬೇಕು. ಇಲ್ಲವಾದರೆ ಅಲ್ಲಿನ ನರ ಅದುಮಿಹೋಗಿ ಕೈ ಮರಗಟ್ಟುತ್ತದೆ. ಮೆಟ್ಟಿಲಿನ ಸೂತ್ರ ಇನ್ನೂ ಸುಲಭ: ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಕುರ್ಚಿ ತಳ್ಳುವವರಿಗೂ ಒಂದು ಮಾತು. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಮುಂದುಮಾಡಿ ಇಳಿಸದೆ, ತಾವು ಕೆಳಗಡೆ ನಿಂತು ಹಿಮ್ಮುಖವಾಗಿ ಮೆಲ್ಲನೆ ಇಳಿಸಬೇಕು. ನಿಂತಾಗ ಗಾಲಿಗೆ ತಡೆ ಹಾಕಲು ಮರೆಯಬಾರದು. ಮಕ್ಕಳು ಕುರ್ಚಿಯನ್ನು ತಳ್ಳಲು ಜಗಳವಾಡುತ್ತಾರೆ. ಸಮತಟ್ಟಾದ ಹಾದಿಯಲ್ಲಿ ಅವರಿಗೆ ಆ ಅಧಿಕಾರವನ್ನು ಕೊಡಬಹುದು. ತಾಯಿಯನ್ನು ತಾವು ಕರೆದೊಯ್ಯುತ್ತಿದ್ದೇವೆಂಬ ಹೆಮ್ಮೆ ಯಾವ ಆಟಕ್ಕೂ ಕಡಿಮೆಯಲ್ಲ.

ಇನ್ನು ಆಟಗಳ ಮಾತು. ಇಲ್ಲಿ ಧೈರ್ಯಕ್ಕಿಂತ ವಿವೇಕ ಮುಖ್ಯ. ಮುರಿದ ಎಲುಬು, ಇತ್ತೀಚಿನ ಶಸ್ತ್ರಚಿಕಿತ್ಸೆ, ಬೆನ್ನುನೋವು, ಹೃದಯದ ಬೇನೆ ಇರುವವರು ಮತ್ತು ಗರ್ಭಿಣಿಯರು ವೇಗದ ಯಂತ್ರಗಳನ್ನು ಏರಬಾರದೆಂದು ಉದ್ಯಾನಗಳಲ್ಲಿ ಫಲಕ ಹಾಕಿರುತ್ತಾರೆ. ಕಾವಲಿನವನು ತಡೆದರೆ ಅದನ್ನು ಅವಮಾನವೆಂದು ಎಣಿಸಬಾರದು. ಯಂತ್ರ ನಡುದಾರಿಯಲ್ಲಿ ನಿಂತರೆ ಕುಳಿತವರು ಕಿರಿದಾದ ಏಣಿಯಲ್ಲಿ ತಾವೇ ಇಳಿದುಬರಬೇಕಾಗಬಹುದು. ಪ್ಲಾಸ್ಟರಿನ ಕಾಲು ಆಗ ತನ್ನವಳಿಗೂ ಇತರರಿಗೂ ಅಪಾಯ. ನೀರಾಟದ ಕೊಳಗಳಂತೂ ಸಂಪೂರ್ಣ ವರ್ಜ್ಯ. ಜಿಪ್ಸಮ್ಮಿನ ಪ್ಲಾಸ್ಟರು ನೆನೆದರೆ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಫೈಬರಿನ ಹೊರಗವಚಕ್ಕೆ ನೀರು ತಾಗಿದರೆ ಕೇಡಿಲ್ಲವಾದರೂ ಸಾಮಾನ್ಯವಾಗಿ ಒಳಗಿರುವ ಹತ್ತಿ ನೆನೆದು ಚರ್ಮ ಕೊಳೆಯುತ್ತದೆ. ಒದ್ದೆ ನೆಲದ ಮೇಲೆ ಊರುಗೋಲಿನ ರಬ್ಬರು ಪಾಚಿಯ ಕಲ್ಲಿನ ಮೇಲಿನ ಪಾದದಂತೆಯೇ ಜಾರುತ್ತದೆ. ಒಂದು ವೇಳೆ ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ, ಜೋಮುಹಿಡಿದರೆ ಅಥವಾ ನೋವು ತಡೆಯಲಾರದಂತೆ ಏರುತ್ತ ಹೋದರೆ ಕಡೆಯ ಆಟವನ್ನು ನೋಡಿಕೊಂಡು ಹೋಗೋಣವೆನ್ನದೆ ಒಡನೆ ಆಸ್ಪತ್ರೆಗೆ ಧಾವಿಸಬೇಕು.

ಆಟವಿಲ್ಲದಿದ್ದರೆ ಅವಳು ಅಲ್ಲಿಗೆ ಹೋಗಿ ಮಾಡುವುದೇನು? ಈ ಪ್ರಶ್ನೆ ಕೇಳುವವರು ಜಾತ್ರೆಯನ್ನು ನೋಡಿಲ್ಲ. ಜಾತ್ರೆಯಲ್ಲಿ ತೊಟ್ಟಿಲನ್ನು ಏರುವವರು ಹತ್ತು ಜನರಾದರೆ, ಕೆಳಗೆ ನಿಂತು ತಮ್ಮವರ ಕಿರುಚಾಟವನ್ನು ಕೇಳಿ ನಗುವವರು ನೂರು ಜನ. ಬಂಡಿ ಶಿಖರದಿಂದ ಧುಮುಕುವ ಕ್ಷಣದಲ್ಲಿ ಮಗು ಮೊದಲು ಹುಡುಕುವುದು ಕೆಳಗಿರುವ ತಾಯಿಯ ಮುಖವನ್ನು. ಇಳಿದೊಡನೆ ಓಡಿಬಂದು, “ನೋಡಿದೆಯಾ ಅಮ್ಮ?” ಎಂದು ಕೇಳಿದಾಗ, “ನೋಡಿದೆ” ಎನ್ನುವವಳೊಬ್ಬಳು ಅಲ್ಲಿರಬೇಕು. ಮನೆಯಲ್ಲಿ ಕುಳಿತು ಸಂಜೆ ಚಿತ್ರಗಳನ್ನು ನೋಡುವವಳು ಆ ಉತ್ತರವನ್ನು ಕೊಡಲಾರಳು.

ಸರದಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕೆಲವು ಉದ್ಯಾನಗಳಲ್ಲಿ ನಿಲ್ಲಲಾರದವರಿಗೆ ಬೇರೆ ಬಾಗಿಲಿನಿಂದ ಪ್ರವೇಶವುಂಟು. ಈ ಸೌಲಭ್ಯ ಎಷ್ಟು ಸೂಕ್ಷ್ಮವೆಂಬುದಕ್ಕೆ ಡಿಸ್ನಿಯವರ ಉದ್ಯಾನಗಳೇ ಸಾಕ್ಷಿ. ಅಲ್ಲಿ ಅಶಕ್ತರಿಗೆ ಕೊಡುತ್ತಿದ್ದ ಚೀಟಿಯನ್ನು ಸಶಕ್ತರು ದುರುಪಯೋಗ ಮಾಡಿದರೆಂಬ ದೂರುಗಳೆದ್ದು, ಸಿರಿವಂತರು ಗಾಲಿಕುರ್ಚಿಯವರನ್ನು ಬಾಡಿಗೆಗೆ ಕರೆದೊಯ್ದು ಸಾಲನ್ನು ತಪ್ಪಿಸಿಕೊಂಡರೆಂಬ ಸುದ್ದಿಯೂ ಹಬ್ಬಿ, ೨೦೧೩ರಲ್ಲಿ ಆ ಪದ್ಧತಿಯನ್ನೇ ಬದಲಿಸಿದರು. ಕಾಯುವ ಅವಧಿಯನ್ನು ಮನ್ನಾ ಮಾಡುವ ಬದಲು, ಸಾಲಿನ ಹೊರಗೆ ಕುಳಿತು ಕಾದು ಗೊತ್ತಾದ ವೇಳೆಗೆ ಮರಳಿ ಬರುವ ಏರ್ಪಾಡು ಬಂದಿತು. ನ್ಯಾಯವೂ ಅದೇ. ನೊಂದವಳಿಗೆ ಬೇಕಾದದ್ದು ಇತರರಿಗಿಂತ ಮುಂದಿನ ಸ್ಥಾನವಲ್ಲ, ಇತರರಂತೆಯೇ ಕಾಯಲು ಒಂದು ಆಸನ. ತಾಯಿಯ ಪ್ಲಾಸ್ಟರನ್ನು ತೋರಿಸಿ ಮನೆಮಂದಿಯೆಲ್ಲ ಮುಂದೆ ನುಗ್ಗುವುದು, ಆ ಕಾಲನ್ನು ಎರಡನೆಯ ಸಾರಿ ಮುರಿದಂತೆ.

ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆ? ೨೦೧೬ರಲ್ಲಿ ಅಂಗೀಕಾರವಾಗಿ ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು ದೀರ್ಘಕಾಲದ ಊನವುಳ್ಳವರನ್ನು ಕುರಿತದ್ದು. ಎರಡು ತಿಂಗಳಲ್ಲಿ ಕೂಡಿಕೊಳ್ಳುವ ಎಲುಬು ಅದರ ಲಕ್ಷಣದೊಳಗೆ ಬರುವುದಿಲ್ಲ. ಪ್ಲಾಸ್ಟರಿನ ಕಾಲಿಗೆ ಗುರುತಿನ ಚೀಟಿಯಿಲ್ಲ, ರಿಯಾಯಿತಿಯಿಲ್ಲ. ಆದರೆ ಅದೇ ಅಧಿನಿಯಮವು ಸಾರ್ವಜನಿಕ ಕಟ್ಟಡವೆಂಬ ಮಾತಿನ ಅರ್ಥವನ್ನು ವಿವರಿಸುವಾಗ, ಸರ್ಕಾರದ್ದಾಗಲಿ ಖಾಸಗಿಯವರದಾಗಲಿ, ಜನ ಬಳಸುವ ಧಾರ್ಮಿಕ ಸ್ಥಳಗಳನ್ನೂ ವಿನೋದದ ಸ್ಥಳಗಳನ್ನೂ ಸೇರಿಸಿಕೊಂಡಿದೆ. ಇಂಥ ಕಡೆಗಳಲ್ಲಿ ಸುಗಮ ಪ್ರವೇಶದ ನಿಯಮಗಳು ಬರಿಯ ಶಿಫಾರಸಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರಿನಲ್ಲಿ ತೀರ್ಪಿತ್ತಿತು. ಇಳಿಜಾರು ಹಾದಿಗೆ ಒಪ್ಪಿತವಾದ ಲೆಕ್ಕ ೧ ಅಡಿ ಎತ್ತರಕ್ಕೆ ೧೨ ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಅದು ಹಾದಿಯಲ್ಲ, ಜಾರುಬಂಡೆ. ಶಾಶ್ವತವಾಗಿ ನಡೆಯಲಾರದವರು ಬಹುಕಾಲ ಹೋರಾಡಿ ಪಡೆದ ಆ ಹಾದಿಯ ಮೇಲೆ, ಎರಡು ತಿಂಗಳ ಅತಿಥಿಯಾದ ಹಂಗಳದ ಈ ಗೃಹಿಣಿಯೂ ಸಾಗುತ್ತಾಳೆ. ತೊಟ್ಟಿಲಗಾಡಿಯಲ್ಲಿ ಕೂಸನ್ನು ತಳ್ಳುವವಳೂ ಸಾಗುತ್ತಾಳೆ. ಮೂಟೆ ಹೊತ್ತವನೂ ಸಾಗುತ್ತಾನೆ. ಇಳಿಜಾರು ಯಾರನ್ನೂ ಚೀಟಿ ಕೇಳುವುದಿಲ್ಲ.

ಇದು ಪರದೇಶದಿಂದ ಬಂದ ಹೊಸ ಧರ್ಮವೆಂದು ಭಾವಿಸಬೇಕಾಗಿಲ್ಲ. ಊರ ದೇವರ ರಥೋತ್ಸವವನ್ನು ಸ್ಮರಿಸಿದರೆ ಸಾಕು. ಗುಡಿಯ ಹೊಸ್ತಿಲನ್ನು ದಾಟಲಾರದವರಿಗಾಗಿ ದೇವರೇ ಬೀದಿಗಿಳಿದು ಬರುತ್ತಾನೆ. ಜಗಲಿಯ ಮೇಲೆ ಕುಳಿತ ಮುದುಕಿಗೆ ಅಲ್ಲಿಯೇ ದರ್ಶನವಾಗುತ್ತದೆ. ಶ್ರವಣಬೆಳಗೊಳದಲ್ಲಿ ಮೆಟ್ಟಿಲು ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವ ಕ್ರಮವುಂಟು. ೧೮೯೨ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯದಲ್ಲಿ, ನಡೆಯಲಾರದವರು ಬ್ಯಾಟರಿಯ ವಾಹನದಲ್ಲಿ ಕುಳಿತು ಪ್ರಾಣಿಗಳನ್ನು ನೋಡಿಬರಬಹುದು. ಹಂಗಳದವರ ಸ್ವಂತ ಬೆಟ್ಟದಲ್ಲಿಯೂ ೧೪೫೪ ಮೀಟರ್ ಎತ್ತರದವರೆಗೆ ಸಾರಿಗೆ ಸಂಸ್ಥೆಯ ಬಸ್ಸು ಕೊಂಡೊಯ್ಯುತ್ತದೆ. ಕಾಡಿನ ಹಿತಕ್ಕಾಗಿ ಖಾಸಗಿ ವಾಹನಗಳನ್ನು ಬುಡದಲ್ಲಿಯೇ ತಡೆದಿದ್ದಾರೆ. ಆದರೆ ಬಸ್ಸಿನ ಎತ್ತರದ ಪಾವಟಿಗೆ, ಬಸ್ಸಿಳಿದ ಮೇಲೆ ಗುಡಿಯವರೆಗಿನ ಮೆಟ್ಟಿಲು ಇವು ಊರುಗೋಲಿನವರ ಪಾಲಿಗೆ ಎರಡನೆಯ ಬೆಟ್ಟ. ಕೈಹಿಡಿದು ಹತ್ತಿಸುವ ಅಪರಿಚಿತರು ಅಲ್ಲಿಯೂ ದೊರೆಯುತ್ತಾರೆ, ನಿಜ. ಪರರ ಕರುಣೆಯನ್ನು ನಂಬಿ ಹತ್ತುವುದು ಬೇರೆ, ತನ್ನ ಪಾಡಿಗೆ ತಾನು ಹತ್ತುವುದು ಬೇರೆ. ಈ ಎರಡರ ಅಂತರ ಕಾಲು ನೊಂದ ದಿನವೇ ತಿಳಿಯುವಂಥದು.

ಎಲುಬು ಕೂಡಿಕೊಳ್ಳುತ್ತದೆ, ಪ್ಲಾಸ್ಟರನ್ನು ಕತ್ತರಿಸುತ್ತಾರೆ, ಸೊರಗಿದ ಕಾಲು ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ. ಗುಣವಾದವರು ಗಾಲಿಕುರ್ಚಿಯನ್ನು ಮರೆಯುತ್ತಾರೆ. ಮರೆಯುವ ಮುನ್ನ ಅವರು ಮನೆಯೊಳಗೆ ಒಮ್ಮೆ ನೋಡುವುದು ಉಚಿತ. ಮೇಲೆ ಕಲ್ಪಿಸಿಕೊಂಡ ಮನೆಯಲ್ಲಿ ಒಬ್ಬಳು ಅಜ್ಜಿಯಿದ್ದಳಷ್ಟೆ? ಉದ್ಯಾನದ ಮಾತು ಬೇಸಗೆಯಲ್ಲಿ ಎದ್ದಾಗಲೂ, ಅದಕ್ಕೆ ಮೊದಲು ಮೈಸೂರಿನ ಮದುವೆಗೆ ಹೊರಟಾಗಲೂ, ಬೆಟ್ಟದ ದೇವರಿಗೆ ಹೋದಾಗಲೂ ಅವಳು, “ನಾನು ಬಂದು ಏನು ಮಾಡಲಿ? ಮನೆ ಕಾಯುತ್ತೇನೆ” ಎಂದವಳು. ಅವಳ ಮೊಣಕಾಲು ಸವೆದು ಎಷ್ಟೋ ವರ್ಷಗಳಾದವು. ಅದಕ್ಕೆ ಬಿಳಿಯ ಪ್ಲಾಸ್ಟರಿಲ್ಲ. ಆದಕಾರಣ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದ ದಿನ, ವಾರ, ನಕ್ಷತ್ರ ಯಾವುದೂ ಇಲ್ಲದೆ, ಅವಳ ನಡಿಗೆ ಬೀದಿಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಮೊಟಕಾಗುತ್ತ ಬಂತು. ಮನೆಯವರು ಅದನ್ನು ಅವಳ ಸ್ವಭಾವವೆಂದೇ ತಿಳಿದರು.

ಸೊಸೆಗೆ ಎರಡು ತಿಂಗಳ ಮಟ್ಟಿಗೆ ತೆರೆದ ಬಾಗಿಲು ಅತ್ತೆಗೂ ತೆರೆದೇ ಇತ್ತು. ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳೇ ಅವಳ ಪರವಾಗಿಯೂ ಕೇಳಬೇಕಾದವು. ದ್ವಾರದ ಬಳಿ ದೊರೆಯುವ ಕುರ್ಚಿಯೇ ಅವಳಿಗೂ ಸಲ್ಲತಕ್ಕದ್ದು. ಮುಂದಿನ ರಜೆಯಲ್ಲಿ ಹೊರಡುವಾಗ ಅವಳು ಮತ್ತೆ ಅದೇ ಮಾತನ್ನು ಹೇಳುವಳು. ಆಗ ಆ ಮಾತಿನ ಅರ್ಥವನ್ನು ಬಲ್ಲವಳೊಬ್ಬಳು ಮನೆಯಲ್ಲಿದ್ದಾಳೆ. ಅದೇ ಮಾತನ್ನು ತಾನೂ ಆಡಿ ನೋಡಿದವಳು. “ನೀವು ಬರಲೇಬೇಕು, ಅತ್ತೆ; ಅಲ್ಲಿ ಕುರ್ಚಿ ಸಿಗುತ್ತದೆ” ಎಂದು ಅವಳು ಹೇಳಿದರೆ, ಮುರಿದ ಕಾಲಿನ ಖರ್ಚು ಪೂರ್ತಿ ಸಂದಾಯವಾದಂತೆಯೇ ಸರಿ.